ನಾಲಿಗೆ ರಜೆ ಹಾಕಿದ ದಿನ

ಒಂದು ವರ್ಷದ ಹಿಂದೆ, ಹೆಂಡತಿ ಎರಡು ತಿಂಗಳ ಬಸುರಿಯಾಗಿ ಏನು ತಿಂದರೂ ಬಚ್ಚಲಿಗೆ ಓಡುತ್ತಿದ್ದಾಗ, ಅವನು ಬಚ್ಚಲ ಬಾಗಿಲಲ್ಲಿ ನಿಂತು ಒಂದು ಮಾತು ಕೊಟ್ಟಿದ್ದ.

"ಈ ಮಗುವಿಗೋಸ್ಕರ ನೀನು ಏನೇನು ಬಿಡ್ತೀಯೋ, ನಾನೂ ಅದನ್ನೆಲ್ಲ ಬಿಡ್ತೀನಿ."

ಮಾತು ಕೊಡು ಎಂದು ಯಾರೂ ಒತ್ತಾಯ ಮಾಡಿರಲಿಲ್ಲ. ಆದರೆ ಸಾಕ್ಷಿಗೆ ಅತ್ತೆ ಟವಲ್ಲು ಹಿಡಿದು ಪಕ್ಕದಲ್ಲೇ ನಿಂತಿದ್ದರು.

ಆಮೇಲೆ ಹೆಂಡತಿ ಮೊದಲು ಕಾಫಿ ಬಿಟ್ಟಳು, ಹೆರಿಗೆಯಾದ ಮೇಲೆ ನಿದ್ದೆ ಬಿಟ್ಟಳು. ಅವನಿಗೆ ಎರಡೂ ಕಷ್ಟವಾಗಲಿಲ್ಲ. ಕಾಫಿಯನ್ನು ಅವನು ಮೊದಲೇ ಮುಟ್ಟುತ್ತಿರಲಿಲ್ಲ, ನಿದ್ದೆ ಇಟ್ಟುಕೊಳ್ಳಲು ಮಗು ಬಿಡುತ್ತಿರಲಿಲ್ಲ.

ಕಾಫಿ ಮುಟ್ಟದ್ದಕ್ಕೆ ಕಾರಣ ಅವನ ಕೆಲಸ. ಅವನು ಐಸ್‌ಕ್ರೀಂ ಕಾರ್ಖಾನೆಯಲ್ಲಿ ರುಚಿ ನೋಡುವವನು. ಅಲ್ಲಿ ಅವನ ಹೆಸರೇ 'ನಾಲಿಗೆ'. ಬಾಯಿ, ಮೂಗು ಎರಡನ್ನೂ ಕೆಡಿಸಿಕೊಳ್ಳುವ ಹಾಗಿಲ್ಲ: ಸೆಂಟು ಇಲ್ಲ, ಪೌಡರ್ ಇಲ್ಲ, ಸೋಪು ಕೂಡ ಇಲ್ಲ. ಮುಖಕ್ಕೆ ಬರೀ ನೀರು. ಶೇವಿಂಗ್ ಕ್ರೀಮಿನ ವಾಸನೆಗೆ ಹೆದರಿ ಗಡ್ಡ ಬೆಳೆಸಿದ್ದ. ಅದು ಪಾತ್ರೆ ತಿಕ್ಕುವ ನಾರಿನ ಹಾಗೆ ಹಬ್ಬಿಕೊಂಡಿತ್ತು.

ಮಗುವಿಗೆ ಈಗ ಐದು ತಿಂಗಳು. ಸೋಮವಾರ ಹೆಂಡತಿ ರಜೆ ಮುಗಿಸಿ ಅಂಚೆ ಕಚೇರಿಯ ಕೌಂಟರಿಗೆ ಮರಳಿದ್ದಳು. ಬೆಳಿಗ್ಗೆ, ಸಂಜೆ, ರಾತ್ರಿ ಎದೆಹಾಲು. ಮಧ್ಯಾಹ್ನ ಮಾತ್ರ ಅತ್ತೆಯ ಕೈಯಲ್ಲಿ ಒಂದು ಬಾಟಲಿ ಪುಡಿಹಾಲು. ಸೋಮವಾರ ರಾತ್ರಿಯೇ ಮಗುವಿನ ಕೆನ್ನೆಯ ಮೇಲೆ ಕೆಂಪು ಗುಳ್ಳೆ ಕಂಡವು. ಮಂಗಳವಾರ ರಾತ್ರಿ ಕತ್ತಿಗೂ ಇಳಿದವು. ಬುಧವಾರ ರಾತ್ರಿ ಕೆನ್ನೆ ಟೊಮೆಟೊ ಆಗಿತ್ತು.

ಗುರುವಾರ ಬೆಳಿಗ್ಗೆ ಕೆಳಗಿನ ಮನೆಯ ನಿವೃತ್ತ ಟೀಚರು ಕನ್ನಡಕ ಏರಿಸಿಕೊಂಡು ಬಂದು ತೀರ್ಪು ಕೊಟ್ಟರು.

"ಪುಡಿಹಾಲಿನ ಅಲರ್ಜಿ. ನನ್ನ ತಂಗಿ ಮೊಮ್ಮಗನಿಗೂ ಹೀಗೇ ಆಗಿತ್ತು. ಬಾಟಲಿ ನಿಲ್ಸು. ನೀನೂ ಹಾಲು, ಮೊಸರು, ಬೆಣ್ಣೆ ಬಿಡಬೇಕಮ್ಮ. ನೀನು ತಿಂದಿದ್ದೇ ಅದಕ್ಕೂ ಹೋಗೋದು."

"ಡಾಕ್ಟರ್ ಹತ್ರ ಸಂಜೆ ಆರಕ್ಕೆ ಟೈಮ್ ಸಿಕ್ಕಿದೆ," ಎಂದಳು ಹೆಂಡತಿ. ಅವಳ ಮುಖ ಇಳಿದಿತ್ತು. "ಬಾಟಲಿ ಆಗಲ್ಲ ಅಂದ್ರೆ ನಾನು ಕೆಲಸ ಬಿಡಬೇಕಾಗುತ್ತೆ. ಇವತ್ತಿನ ರಜಕ್ಕೇ ಪೋಸ್ಟ್‌ಮಾಸ್ಟರ್ ಗುರ್ ಅಂದ್ರು. ಇರಲಿ, ಸಂಜೆ ತನಕ ನಾನು ಒಂದು ತೊಟ್ಟು ಹಾಲೂ ಮುಟ್ಟಲ್ಲ."

ಹಾಗೆಂದು ಗಂಡನ ಕಡೆ ನೋಡಿದಳು. ಅತ್ತೆಯೂ ನೋಡಿದರು.

"ನಾನೂ ಅಷ್ಟೇ," ಎಂದ ಅವನು ಎದೆಯುಬ್ಬಿಸಿ. ತಾನು ಹೋಗುತ್ತಿರುವುದು ಎಲ್ಲಿಗೆ ಎಂಬುದು ಅವನಿಗೆ ಹೊಳೆದದ್ದು ಬಸ್ಸು ಎರಡು ಸ್ಟಾಪು ದಾಟಿದ ಮೇಲೆ.

ಕಾರ್ಖಾನೆಯಲ್ಲಿ ಅವತ್ತು ಸಾಮಾನ್ಯ ದಿನವಲ್ಲ. ಸೋಮವಾರದಿಂದ ತಯಾರಿಸುತ್ತಿದ್ದ ಹೊಸ ದಾಲ್ಚಿನ್ನಿ ಚಕ್ಕೆಯ ಐಸ್‌ಕ್ರೀಂ ಅಂಗಡಿಗೆ ಹೋಗಬಹುದೇ ಎಂದು ಮಾಲೀಕರ ಮುಂದೆ ತೀರ್ಮಾನವಾಗಬೇಕಿತ್ತು. ಮೇಜಿನ ಮೇಲೆ ಆರು ಡಬ್ಬ, ಆರು ಚಮಚ.

"ನೋಡಪ್ಪ ನಾಲಿಗೆ," ಎಂದರು ಮಾಲೀಕರು.

ಅವನು ಚಮಚವನ್ನು ಮುಟ್ಟಲಿಲ್ಲ. ಡಬ್ಬದ ಮೇಲೆ ಬಗ್ಗಿ ಮೂಸಿದ. ತಣ್ಣಗಿರುವ ವಸ್ತು ಅಷ್ಟು ಸುಲಭಕ್ಕೆ ವಾಸನೆ ಬಿಟ್ಟುಕೊಡುವುದಿಲ್ಲ. ಇನ್ನಷ್ಟು ಬಗ್ಗಿದ. ಬಾವಿಗೆ ಬಿದ್ದ ಕೊಡವನ್ನು ಹುಡುಕುವವನ ಹಾಗೆ ಒಂದೊಂದೇ ಡಬ್ಬದೊಳಕ್ಕೆ ಇಳಿದ.

"ಏನಯ್ಯ, ಬಾಯಿಗೆ ಏನಾಗಿದೆ?"

"ಹಲ್ಲು ಜುಂ ಅಂತಿದೆ ಸಾರ್."

"ಲವಂಗ ಕಚ್ಚಿಕೊಳ್ಳಣ್ಣ," ಎಂದು ಮಿಶ್ರಣ ಯಂತ್ರದವನು ದೂರದಿಂದ ಕೂಗಿದ. "ಆ ಕಡೆ ಹಲ್ಲು ನೋವಾದ್ರೆ ಈ ಕಡೆಯಿಂದ ತಿನ್ನು!"

"ವಾಸನೆಯಲ್ಲೇ ಗೊತ್ತಾಗುತ್ತೆ ಸಾರ್, ಹನ್ನೊಂದು ವರ್ಷದ ಅನುಭವ. ಮೂರನೇದು ಬಹಳ ಚೆನ್ನಾಗಿದೆ," ಎಂದು ಅವನು ಕಾಗದಕ್ಕೆ ಸಹಿ ಹಾಕಿಬಿಟ್ಟ.

ಮಾಲೀಕರು ಮೂರನೆಯದನ್ನು ಒಂದು ಚಮಚ ತುಂಬ ತೆಗೆದು ಬಾಯಿಗಿಟ್ಟುಕೊಂಡರು. ಅವರ ಮುಖ ಹಿಂಡಿದ ಬಟ್ಟೆಯಂತಾಯಿತು. ಬೆಳಗಿನ ಪಾಳಿಯವರು ಸಕ್ಕರೆಯ ಬದಲು ಉಪ್ಪಿನ ಚೀಲ ಬಿಚ್ಚಿದ್ದರು. ಉಪ್ಪಿಗೆ ವಾಸನೆ ಇರುವುದಿಲ್ಲ.

ಬೇರೆ ದಾರಿಯಿಲ್ಲದೆ ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ: ಮಗು, ಗುಳ್ಳೆ, ಬಚ್ಚಲ ಬಾಗಿಲಲ್ಲಿ ಕೊಟ್ಟ ಮಾತು, ಎಲ್ಲ.

ಮಾಲೀಕರು ಎರಡು ಲೋಟ ನೀರು ಕುಡಿದು ಸಮಾಧಾನವಾಗಿ ಹೇಳಿದರು. "ದೊಡ್ಡ ಮನಸ್ಸಪ್ಪ ನಿಂದು. ನಾಳೆಯಿಂದ ಕೋಲ್ಡ್ ರೂಮಿಗೆ ಹೋಗು. ಡಬ್ಬ ಎತ್ತೋಕೆ ನಾಲಿಗೆ ಬೇಕಾಗಿಲ್ಲ."

ಅವನು ಎಂದಿನಂತೆ ಬರೀ ನೀರಲ್ಲಿ ಮುಖ ತೊಳೆದು ಹೊರಟ.

ಕ್ಲಿನಿಕ್ ತಲುಪಿದಾಗ ಎಲ್ಲರೂ ಡಾಕ್ಟರ ಮುಂದೆ ಕೂತಿದ್ದರು. ಯಾರೂ ಕರೆಯದಿದ್ದರೂ ಟೀಚರು ಬಂದಿದ್ದರು, ಪುಡಿಹಾಲಿನ ಡಬ್ಬವನ್ನು ಕಳ್ಳನನ್ನು ಹಿಡಿದಂತೆ ಹಿಡಿದು. ಮಗುವಿನ ಕೆನ್ನೆ ಹೆಚ್ಚುಕಡಿಮೆ ತಿಳಿಯಾಗಿತ್ತು.

"ನೋಡಿ, ಇವತ್ತು ಬಾಟಲಿ ಕೊಟ್ಟಿಲ್ಲ, ಇವತ್ತೇ ಇಳಿದಿದೆ!" ಎಂದರು ಟೀಚರು.

"ವಾಂತಿ? ಭೇದಿ? ಉಸಿರಿಗೆ ತೊಂದರೆ?" ಎಂದು ಕೇಳಿದರು ಡಾಕ್ಟರಮ್ಮ. ಯಾವುದೂ ಇರಲಿಲ್ಲ. "ಆದ್ರೂ ಅಲರ್ಜಿ ಇರಬಹುದು. ಸ್ವಲ್ಪ ದಿನ ಈ ಪುಡಿ ನಿಲ್ಲಿಸಿ ನೋಡೋಣ," ಎಂದು ಚೀಟಿ ಎಳೆದುಕೊಂಡರು. ಹೆಂಡತಿ ತಲೆ ತಗ್ಗಿಸಿದಳು. ಕೌಂಟರಿನ ಕೆಲಸ ಆ ಚೀಟಿಯ ಮೇಲೆ ಮುಗಿಯುತ್ತಿತ್ತು.

ಅವನು ಮಗುವನ್ನು ಎತ್ತಿಕೊಂಡು, "ಪುಟ್ಟೀ, ಏನಾಯ್ತೇ ಬಂಗಾರಿ," ಎಂದು ಎರಡೂ ಕೆನ್ನೆಗೆ, ಕತ್ತಿಗೆ ಗಡ್ಡ ಒತ್ತಿ ಮುದ್ದಿಸಿದ. ದಿನಾ ಸಂಜೆ ಮಾಡುತ್ತಿದ್ದುದೂ ಇದನ್ನೇ.

ಡಾಕ್ಟರಮ್ಮ ಬರೆಯುವ ಮೊದಲು ಏನೇನೋ ಕೇಳಿದರು, ತೂಕ ನೋಡಿದರು, ಟೀಚರ ತಂಗಿಯ ಮೊಮ್ಮಗನ ಕತೆಯನ್ನೂ ಪೂರ್ತಿ ಕೇಳಬೇಕಾಯಿತು. ಆಮೇಲೆ ತಲೆಯೆತ್ತಿದರೆ, ಮಗುವಿನ ಕೆನ್ನೆ ಮತ್ತೆ ಟೊಮೆಟೊ.

"ಈಗ ಏನು ಕೊಟ್ರಿ ಮಗುಗೆ?"

"ಮುತ್ತು," ಎಂದ ಅವನು.

ಡಾಕ್ಟರಮ್ಮ ಮಗುವಿನ ಕೆನ್ನೆ ಮೂಸಿದರು. ಅಲ್ಲಿಂದ ಅವನ ಗಡ್ಡದ ಹತ್ತಿರ ಬಂದು ಮೂಸಿದರು. "ಚಕ್ಕೆ! ಯಾವಾಗಿಂದ ಇದು?"

"ಸೋಮವಾರದಿಂದ."

"ಎಳೇ ಚರ್ಮಕ್ಕೆ ಚಕ್ಕೆ ಎಣ್ಣೆ ತಾಗಿದ್ರೆ ಹೀಗೇ ಉರಿ ಕೆಂಪು. ಮೇಲೆ ಈ ಗಡ್ಡ ಬೇರೆ ಉಜ್ಜಿದೀರಿ." ಚೀಟಿಯನ್ನು ಹರಿದರು. "ಪುಡಿಹಾಲಿನ ಮೇಲೆ ನನಗೆ ಅನುಮಾನ ಕಡಿಮೆ. ನಾಳೆಯಿಂದ ಕೊಡಿ, ಒಂದು ವಾರ ಗಮನ ಇಟ್ಟು ನೋಡಿ, ಏನಾದ್ರೂ ಹೆಚ್ಚುಕಮ್ಮಿ ಅನ್ಸಿದ್ರೆ ತಕ್ಷಣ ಬನ್ನಿ. ತಾಯಿ ಏನೂ ಬಿಡೋದು ಬೇಡ. ತಂದೆ ಗಡ್ಡ ತೆಗೆದರೆ ಸಾಕು."

ಹೆಂಡತಿಯ ಮುಖ ಅರಳಿತು. ಅವನು ಇನ್ನೇನು ನಗಬೇಕು, ಅಷ್ಟರಲ್ಲಿ ಟೀಚರು ಕನ್ನಡಕ ಏರಿಸಿ ಅವನ ಗಡ್ಡದಿಂದ ಒಣಗಿದ ಕೆನೆಯ ಚೂರೊಂದನ್ನು ಬಿಡಿಸಿ ಬೆಳಕಿಗೆ ಹಿಡಿದರು.

"ಐಸ್‌ಕ್ರೀಂ."

ಕೋಣೆ ತಣ್ಣಗಾಯಿತು.

"ಬೆಳಿಗ್ಗೆ ಏನಂದ್ರಿ ನೀವು?" ಎಂದಳು ಹೆಂಡತಿ.

"ನಿನ್ನಾಣೆ, ತಿಂದಿಲ್ಲ. ಬರೀ ಮೂಸಿದೆ."

"ಗದ್ದದಿಂದ ಮೂಸಿದ್ರಾ ಅಳಿಯಂದಿರೇ?" ಎಂದರು ಅತ್ತೆ.

"ತಿನ್ನಲಿಲ್ಲ ಅಂತಾನೇ ನನ್ನನ್ನ ಕೋಲ್ಡ್ ರೂಮಿಗೆ ಹಾಕಿದಾರೆ ಕಣೇ!"

"ಹೌದೌದು. ಐಸ್‌ಕ್ರೀಂ ತಿನ್ನಲಿಲ್ಲ ಅಂತ ಶಿಕ್ಷೆ ಕೊಡೋ ಊರು ಯಾವುದ್ರೀ ಅದು? ಹೊಟ್ಟೆ ಕಟ್ಟಿಕೊಂಡು ಬೆಳಿಗ್ಗೆಯಿಂದ ಒಣ ಬ್ರೆಡ್ ತಿಂದಿದೀನಿ ನಾನು."

ಮನೆಗೆ ಬಂದು ಅವನು ಗಡ್ಡ ತೆಗೆದ. ಬೋಳು ಮುಖ ನೋಡಿ ಮಗು ಯಾರೋ ಹೊರಗಿನವನೆಂದು ಚೀರಿ ಅಜ್ಜಿಯ ಹೆಗಲು ಹಿಡಿದುಕೊಂಡಿತು. ಹೆಂಡತಿ ಅವನ ಕಡೆ ತಿರುಗದೆ ಒಂದು ದೊಡ್ಡ ಲೋಟ ಹಾಲು ಕುಡಿದು, ನಾಳೆ ಕೌಂಟರಿಗೆ ಉಡುವ ಸೀರೆಗೆ ಇಸ್ತ್ರಿ ಹಾಕಿದಳು. ಅವನು ಕೋಲ್ಡ್ ರೂಮಿಗೆಂದು ಹಳೆಯ ಸ್ವೆಟರ್ ಹುಡುಕಿಕೊಂಡ.

ಆ ದಿನ ಅವನು ಒಂದು ಚಮಚವನ್ನೂ ಬಾಯಿಗೆ ಇಟ್ಟಿರಲಿಲ್ಲ. ಕೊಟ್ಟ ಮಾತನ್ನು ಉಳಿಸಿಕೊಂಡಿದ್ದ.