ಗೋಡೆ ಖಾಲಿಯಾದ ದಿನ

ಯಮುನಮ್ಮ ಆ ದಿನ ಚಹಾಕ್ಕೆ ಸಕ್ಕರೆ ಹಾಕುವುದನ್ನು ಮರೆತರೂ ಸುದ್ದಿ ಹೇಳುವುದನ್ನು ಮರೆಯಲಿಲ್ಲ.

"ಪೂರ್ಣೇಶ, ಸಂಜೆ ನಿಮ್ಮ ಶಿವಮೊಗ್ಗದ ಸಾಹೇಬ್ರು ಬರ್ತಾರಂತೆ. ವ್ಯಾಪಾರ ಬಿದ್ದೋಗಿದೆ, ಖರ್ಚು ಇಳಿಸಲೇಬೇಕು ಅಂತ ಕೂತಿದಾರಂತೆ. ನನ್ನ ತಮ್ಮ ಅವರ ಕಾರು ಓಡ್ಸೋದಲ್ವಾ, ಅವನೇ ಹೇಳಿದ್ದು."

"ಖರ್ಚು ಇಳಿಸೋದು ಅಂದ್ರೆ?"

"ಇರೋ ಮೂವರಲ್ಲಿ ಒಬ್ಬರನ್ನ ಕಳಿಸ್ತಾರೆ ಅಂತ ನನ್ನ ಲೆಕ್ಕ. ವಾಸಪ್ಪಂಗೆ ವಯಸ್ಸಾಯ್ತು, ಪಾಪ ಅಂತಾರೆ. ಕುಮುದಾ ಹೆಂಗಸು, ಪಾಪ ಅಂತಾರೆ. ನಿಂಗೆ ಪಾಪ ಅನ್ನೋಕೆ ಎಂತ ಕಾರಣ ಇದೆ, ನೀನೇ ಹೇಳು."

ಪೂರ್ಣೇಶ ಸಕ್ಕರೆ ಇಲ್ಲದ ಚಹಾವನ್ನು ಹಾಗೆಯೇ ಕುಡಿದ.

ಯಮುನಮ್ಮನ ಹೋಟೆಲಿನ ಪಕ್ಕದಲ್ಲೇ ಅವನು ಕೆಲಸ ಮಾಡುವ ಅಂಗಡಿ. ಕಳೆ ಕೊಚ್ಚುವ, ಔಷಧಿ ಹೊಡೆಯುವ ಮಷಿನ್‌ಗಳನ್ನು ಮಾರಿ, ರಿಪೇರಿಯನ್ನೂ ಮಾಡುವ ಕಂಪನಿಯೊಂದರ ತೀರ್ಥಹಳ್ಳಿ ಶಾಖೆ. ಅಡಿಕೆಗೆ ಎಲೆಚುಕ್ಕಿ ರೋಗ ಹಿಡಿದು ತೋಟದವರ ಕೈ ಖಾಲಿಯಾದಂದಿನಿಂದ ಹೊಸ ಮಷಿನ್ ಕೇಳುವವರಿರಲಿಲ್ಲ. ಹಳೆಯದನ್ನೇ ತಂದು ಗೋಡೆಗೆ ಒರಗಿಸಿ ಹೋಗುತ್ತಿದ್ದರು.

ಪೂರ್ಣೇಶ ಮೊದಲಿನಿಂದಲೂ ಮೈಗಳ್ಳನಾಗಿರಲಿಲ್ಲ. ಹಿಂದೊಂದು ವರ್ಷ ಭಾನುವಾರವೂ ದುಡಿದು ಸಂಬಳ ಹೆಚ್ಚಿಸಿ ಎಂದು ಕೇಳಿದ್ದ. ಕಂಪನಿ ಅವನನ್ನು ಮೆಚ್ಚಿ ಒಂದು ಕ್ಯಾಲೆಂಡರ್ ಕೊಟ್ಟಿತು. ಅಂದೇ ಅವನ ಮನಸ್ಸು ರಾಜೀನಾಮೆ ಕೊಟ್ಟಿತು. ದೇಹ ಮಾತ್ರ ಹೊತ್ತಿಗೆ ಸರಿಯಾಗಿ ಬಂದು ಹೊತ್ತಿಗೆ ಸರಿಯಾಗಿ ಹೋಗುತ್ತಿತ್ತು. ಒಂದು ಸ್ಕ್ರೂ ಬಿಚ್ಚುವುದು, ಅದನ್ನು ಬೆಳಕಿಗೆ ಹಿಡಿದು ನೋಡುವುದು, ಚಹಾ. ಆದರೆ ಜೂನ್‌ನಲ್ಲಿ ಹೆಂಡತಿ ದೀಪಶ್ರೀಯನ್ನು ಅವಳ ಶಾಲೆಯವರು "ಮಕ್ಕಳು ಕಡಿಮೆ" ಎಂದು ಮನೆಗೆ ಕಳಿಸಿದ್ದರು. ಈಗ ಮನೆಗೆ ಇದ್ದದ್ದು ಈ ಒಂದೇ ಕೆಲಸ.

ಅವನು ಅಂಗಡಿಗೆ ಓಡಿ ಬಂದು ತೋಳು ಮಡಚಿದ.

"ಕುಮುದಕ್ಕ, ಮಷಿನ್ ಕೊಟ್ಟೋರಿಗೆಲ್ಲ ಫೋನ್ ಮಾಡಿ. ಇವತ್ತೇ ಬಂದು ತಗೊಂಡು ಹೋಗ್ಲಿ."

ಕೌಂಟರಿನಲ್ಲಿದ್ದ ಕುಮುದಾ ಅವನ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ಲ. ಮತ್ತೆಂತ?"

ಹಿರಿಯ ಮೆಕ್ಯಾನಿಕ್ ವಾಸಪ್ಪ ಮೂಲೆಯಲ್ಲಿ ಕೂತು, ಅಕ್ಕಿಯಲ್ಲಿ ಕಲ್ಲು ಆರಿಸುವವನ ಹಾಗೆ ಒಂದು ಕಾರ್ಬರೇಟರನ್ನು ಒರೆಸುತ್ತಿದ್ದ. ಅದನ್ನು ಅವನು ಸೋಮವಾರದಿಂದ ಒರೆಸುತ್ತಿದ್ದ. "ನಿಧಾನ ಮಾರಾಯ," ಎಂದ. "ಗಡಿಬಿಡಿ ಎಂತಕ್ಕೆ? ಮಷಿನ್ ಎಲ್ಲಿಗೆ ಓಡೋಗುತ್ತೆ?"

'ಹೊಟ್ಟೆಕಿಚ್ಚು' ಎಂದುಕೊಂಡ ಪೂರ್ಣೇಶ.

ಸೋಜಿಗವೆಂದರೆ, ಗೋಡೆಯುದ್ದಕ್ಕೂ ನಿಂತಿದ್ದ ಮಷಿನ್‌ಗಳಲ್ಲಿ ಹೆಚ್ಚಿನವಕ್ಕೆ ಅಂಥ ರೋಗವೇ ಇರಲಿಲ್ಲ. ಒಂದಕ್ಕೆ ಪ್ಲಗ್ಗಿನ ಮಸಿ, ಇನ್ನೊಂದಕ್ಕೆ ಪೈಪಿನ ಕಸ. ಶೀತಕ್ಕೆ ಆಸ್ಪತ್ರೆ ಸೇರಿ ವರ್ಷವಿಡೀ ಮಲಗಿದ ರೋಗಿಗಳಂತಿದ್ದವು.

ಹತ್ತನೇ ನಂಬರಿನ ಸ್ಪ್ಯಾನರ್ ಮಾತ್ರ ಇದ್ದಕ್ಕಿದ್ದಂತೆ ಮಾಯವಾಯಿತು. ಬೆಂಚಿನ ಕೆಳಗೆ ಹುಡುಕಿದ, ಕುಮುದಾಳ ಬ್ಯಾಗಿನಲ್ಲಿ ಹುಡುಕಿ ಬೈಸಿಕೊಂಡ. ಕೊನೆಗೆ ಅದು ಸಿಕ್ಕಿದ್ದು ವಾಸಪ್ಪನ ಊಟದ ಡಬ್ಬಿಯಲ್ಲಿ, ಚಿತ್ರಾನ್ನದ ಅಡಿಯಲ್ಲಿ.

"ಇದೆಂತ ವಾಸಪ್ಪಣ್ಣ?"

"ಅರೆ! ಮನೆಯೋಳು ನುಗ್ಗೆಕಾಯಿ ಅಂತ ಹಾಕಿರ್ಬೇಕು," ಎಂದ ವಾಸಪ್ಪ, ಮುಖದ ಒಂದು ಗೆರೆಯನ್ನೂ ಅಲುಗಿಸದೆ.

ಮಧ್ಯಾಹ್ನ ಅವಸರದಲ್ಲಿ ಚಾಲೂ ಮಾಡಿದ ಕಳೆ ಮಷಿನ್ ಒಂದು ಕೈತಪ್ಪಿ, ಯಮುನಮ್ಮ ಒಣಗಲು ಹಾಕಿದ್ದ ಸೀರೆಯನ್ನು ಕಳೆಯೆಂದೇ ತಿಳಿದು ಕೊಚ್ಚಿತು. ಆಕೆ ಸೌಟು ಹಿಡಿದು ಬಂದಳು. "ಸುದ್ದಿ ಹೇಳಿದ್ದಕ್ಕೆ ಇದಾ ಉಡುಗೊರೆ? ನಿನ್ನನ್ನ ತೆಗೆಯೋದೇ ಸರಿ!" ಪೂರ್ಣೇಶ ಕೈಮುಗಿಯುತ್ತಲೇ ಮುಂದಿನ ಮಷಿನ್ ಬಿಚ್ಚಿದ.

ಗಿರಾಕಿಗಳು ಒಬ್ಬೊಬ್ಬರೇ ಬಂದರು, ನಂಬಿಕೆಯಿಲ್ಲದ ಮುಖ ಹೊತ್ತು. ಗುತ್ಯಪ್ಪ ಎಂಬ ಮುದುಕ ತನ್ನ ಔಷಧಿ ಪಂಪನ್ನು ಮಗುವಿನಂತೆ ಎತ್ತಿಕೊಂಡ. "ಇದು ತೀರ್ಕಂಡ್ತು ಅಂತ ಮನೇಲಿ ಎಲ್ರೂ ಅತ್ತು ಮುಗ್ಸಿದ್ವಲ್ಲಪ್ಪ!"

ಸಂಜೆಯ ಹೊತ್ತಿಗೆ ಗೋಡೆ ಖಾಲಿ. ಕ್ಯಾಲೆಂಡರ್ ಒಂದೇ ಅಲ್ಲಿ ತೂಗುತ್ತಿತ್ತು. ಪೂರ್ಣೇಶನ ಬೆರಳು ಸುಲಿದಿತ್ತು, ಅಂಗಿ ಪೆಟ್ರೋಲ್ ಕುಡಿದಿತ್ತು. ಆದರೂ ಬಹಳ ದಿನಗಳ ಮೇಲೆ ಅವನಿಗೆ ತನ್ನ ಕೈಗಳು ತನ್ನವೇ ಎನ್ನಿಸಿತು.

ಕಾರು ಬಂದು ನಿಂತಿತು. ಸಾಹೇಬ ಮಹಾಗಣಪತಿ ಇಳಿದು ಒಳಬಂದು, ಸುತ್ತ ನೋಡಿದರು.

"ಬಾಕಿ ಮಷಿನ್ ಎಲ್ಲಿ?"

"ಒಂದೂ ಇಲ್ಲ ಸಾರ್. ಎಲ್ಲಾ ಮುಗೀತು!"

"ಯಾವಾಗ?"

"ಇವತ್ತೊಂದೇ ದಿನ ಸಾರ್."

"ಮೂರು ಜನ ಸೇರಿ?"

"ಒಬ್ನೇ ಸಾರ್." ಪೂರ್ಣೇಶ ಎದೆಯುಬ್ಬಿಸಿದ. ವಾಸಪ್ಪ ಕಣ್ಣು ಮುಚ್ಚಿಕೊಂಡ.

ಮಹಾಗಣಪತಿ ಕುರ್ಚಿ ಎಳೆದು ಕೂತರು. "ಮೂರು ಶಾಖೇಲಿ ಒಂದನ್ನ ಮುಚ್ಚಬೇಕು ಅಂತ ಮೇಲಿಂದ ಹೇಳಿದಾರೆ. ಎಲ್ಲಿ ಕೆಲಸ ಕಡಿಮೆಯೋ ಅಲ್ಲಿ. ಸಾಗರಕ್ಕೆ ಹೋದ್ರೆ ಮಷಿನ್ ರಾಶಿ ಸೂರು ಮುಟ್ಟಿದೆ. ಹೊಸನಗರದಲ್ಲಿ ಬಾಗಿಲು ಹಾಕೋಕೇ ಜಾಗ ಇಲ್ಲ. ಇಲ್ಲಿ..." ಅವರ ಕಣ್ಣು ಕ್ಯಾಲೆಂಡರಿನ ಮೇಲೆ ನಿಂತಿತು. "ಒಬ್ಬನ ಒಂದು ದಿನದ ಕೆಲಸಕ್ಕೆ ಒಂದು ಅಂಗಡಿ, ಮೂರು ಜನ. ನಾನು ಎಂತ ಹೇಳ್ಲಿ ಅವರಿಗೆ?"

ಕುಮುದಾ ಕೌಂಟರಿನ ಮೇಲಿದ್ದ ತನ್ನ ನೀರಿನ ಬಾಟಲಿಯನ್ನು ಬ್ಯಾಗಿಗೆ ಹಾಕಿಕೊಂಡಳು.

"ಅಲ್ಲ ವಾಸಪ್ಪಣ್ಣ, ಮೊದ್ಲೇ ಹೇಳ್ಬಾರ್ದಿತ್ತಾ?" ಪೂರ್ಣೇಶ ಮೂಲೆಗೆ ಸರಿದು ಪಿಸುಗುಟ್ಟಿದ.

"ಹೇಳಿದ್ರೆ ಕೆಲಸಗಳ್ಳ ಅಂತಿದ್ದೆ. ಮೂರು ಮನೆ ಒಲೆ ಉರೀಲಿ ಅಂತ ವರ್ಷಗಟ್ಟಲೆ ತುಂಬಿಟ್ಟ ಗೋಡೆ ಕಣಾ ಅದು."

"ಪೂರ್ಣೇಶ್, ನೀವು ಹೆದರ್ಬೇಡಿ," ಎಂದರು ಮಹಾಗಣಪತಿ ಎದ್ದು ನಿಂತು. "ನಿಮ್ಮಂಥೋರನ್ನ ಕಂಪನಿ ಬಿಡಲ್ಲ. ನಾಳೆ ಸಾಗರಕ್ಕೆ ಹೋಗಿ, ಅಲ್ಲಿನ ಬಾಕಿ ತೀರಿಸಿ. ಆಮೇಲೆ ಹೊಸನಗರ."

"ಅದೂ ಮುಗಿದ್ಮೇಲೆ ಸಾರ್?"

ಮಹಾಗಣಪತಿ ಕಾರಿನ ಬಾಗಿಲು ಹಿಡಿದು, ಪಾಪ ಎನ್ನುವಂತೆ ಅವನನ್ನು ನೋಡಿದರು. ಬೆಳಿಗ್ಗೆಯಿಂದ ಅವನಿಗೆ ಬೇಕಾಗಿದ್ದುದೂ ಅದೇ ನೋಟ.

ಮರುದಿನ ಸಾಗರದ ಬಸ್ಸು ಹುಂಚದ ಹತ್ತಿರ ಕೆಮ್ಮಿ, ನಡುಗಿ, ನಿಂತಿತು. ಆ ಕೆಮ್ಮಿನಲ್ಲೇ ಪೂರ್ಣೇಶನಿಗೆ ರೋಗ ತಿಳಿಯಿತು. ಡೀಸೆಲ್ ಪೈಪಿಗೆ ಗಾಳಿ ಹೊಕ್ಕಿದೆ. ಒಂದು ನಟ್ ಸಡಿಲಿಸಿ ಗಾಳಿ ಬಿಟ್ಟರೆ ಮುಗಿಯಿತು. ಅವನ ಬೆರಳುಗಳು ತಾವಾಗಿಯೇ ತೊಡೆಯ ಮೇಲಿನ ಪೆಟ್ಟಿಗೆಯ ಚಿಲಕ ಹುಡುಕಿದವು.

"ಮೆಕ್ಯಾನಿಕ್ ಯಾರಾದ್ರೂ ಇದೀರಾ?" ಕಂಡಕ್ಟರ್ ಕೂಗಿದ.

ಪಕ್ಕದ ಸೀಟಿನ ಅಜ್ಜಿ ಪೆಟ್ಟಿಗೆಯನ್ನು ಮೊಣಕೈಯಿಂದ ತಿವಿದಳು. ಒಳಗೆ ಸ್ಪ್ಯಾನರ್‌ಗಳು ಗಲಗುಟ್ಟಿದವು. "ಹೋಯ್, ಇದರಾಗೆ ಎಂತದೋ ಕಬ್ಬಿಣದ ಸದ್ದಾಗ್ತದಲ್ಲ ತಮ್ಮ!"

ಪೂರ್ಣೇಶ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು, ಕಿಟಕಿಯ ಕಡೆ ತಿರುಗಿದ.

"ಊಟದ ಡಬ್ಬಿ, ಅಜ್ಜಿ. ನುಗ್ಗೆಕಾಯಿ."