ಒಂದನೇ ನಂಬರಿನ ಕಿಟಕಿಗೆ, ನನ್ನ ಹೆಂಡತಿಯ ಐವರು ಗಂಡಂದಿರ ಕುರಿತು

ಸದಾಶಿವ ಪೇಠ, ಪುಣೆ
೨೦ ಏಪ್ರಿಲ್ ೧೯೯೮

ನಮ್ಮ ಓಣಿಯ ದವಾಖಾನೆಯ ಒಂದನೇ ನಂಬರಿನ ಕಿಟಕಿಯವರ ಸನ್ನಿಧಿಗೆ,

ಮಾನ್ಯರೇ,

ಒಂದೂವರೆ ಗೇಣು ಅಗಲ, ಒಂದು ಗೇಣು ಎತ್ತರವಿದ್ದೂ ಇಡೀ ಓಣಿಯ ಆರೋಗ್ಯವನ್ನು ತಮ್ಮ ಮೂಲಕವೇ ಒಳಗೆ ಬಿಟ್ಟುಕೊಳ್ಳುವ ತಮಗೂ, ತಮ್ಮ ಕಬ್ಬಿಣದ ಸರಳುಗಳಿಗೂ, ಸರಳಿಗೆ ದಾರದಿಂದ ಬಿಗಿದು ಕಟ್ಟಿರುವ ಬಾಲ್‌ಪೆನ್ನಿಗೂ ಈರಬಸಪ್ಪನೆಂಬ ನಾನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ದವಾಖಾನೆಯಲ್ಲಿ ಡಾಕ್ಟರರೂ ಇದ್ದಾರೆಂದು ಕೇಳಿ ಬಲ್ಲೆ. ಆದರೆ ತಾವು ಕೇಸ್ ಪೇಪರ್ ಕೊಡದ ಹೊರತು ಯಾರೂ ಅವರ ತನಕ ಮುಟ್ಟಲಾರರಾದ್ದರಿಂದ ನೇರವಾಗಿ ತಮಗೇ ಬರೆಯುತ್ತಿದ್ದೇನೆ. ತಾವು ಮರಾಠಿಯವರು. ನನಗೂ ಮರಾಠಿ ಬರುತ್ತದೆ, ಆದರೆ ಸ್ವಾರಗೇಟದ ಲಾರಿ ಆಫೀಸಿನಲ್ಲಿ ಇಪ್ಪತ್ತೆಂಟು ವರ್ಷ ಡ್ರೈವರುಗಳ ಸಂಗಡ ಕಲಿತ ಮರಾಠಿಯಲ್ಲಿ ವಿನಯದ ಮಾತುಗಳು ಬಹಳ ಕಡಿಮೆ. ಆದ್ದರಿಂದ ಕನ್ನಡದಲ್ಲೇ ಬರೆದು, ಒಂದು ಪ್ರತಿಯನ್ನು ನಮ್ಮ ಜನರ ಸಂಘದ ಫಲಕಕ್ಕೂ ಅಂಟಿಸಿದ್ದೇನೆ.

ಮೊದಲು ತಮ್ಮ ನಿಷ್ಠೆಯನ್ನು ಹೊಗಳಬೇಕು. ಹೆಂಗಸು ಯಾರೇ ಬರಲಿ, ತಲೆ ತಿರುಗಿ ಗೋಡೆ ಹಿಡಿದುಕೊಂಡೇ ಬರಲಿ, ತಾವು ಮೊದಲು ಕೇಳುವುದು ಆಕೆಯ ಗಂಡನ ಹೆಸರು. ಕೊಟ್ಟ ಪೇಪರನ್ನು ಆಕೆಯ ಕೈಗೆ ಒಪ್ಪಿಸಿದರೆ ಕಳೆದಾಳೆಂದು ಹೋಗುವಾಗ ತಾವೇ ಇಸಿದುಕೊಂಡು, ಗಂಡನ ಹೆಸರಿನ ಪ್ರಕಾರ ಗಂಟು ಕಟ್ಟಿ ಗೋಡೆಯ ಮಾಡಿನಲ್ಲಿ ಇಡುತ್ತೀರಿ; ಮುಂದಿನ ಸಲ ಅದೇ ಹೆಸರು ಹೇಳಿದರೆ ಅದೇ ಪೇಪರು ಕೆಳಗಿಳಿಯುತ್ತದೆ. ಇಂಥ ಶಿಸ್ತು ನಮ್ಮ ಲಾರಿ ಆಫೀಸಿನಲ್ಲಿ ಇದ್ದಿದ್ದರೆ ಇಂದಾಪುರಕ್ಕೆ ಹೋಗಬೇಕಾದ ಪಂಪ್‌ಸೆಟ್ಟು ಇನ್ನೂ ನಮ್ಮ ಜಗಲಿಯ ಮೇಲೆ ಕೂತಿರುತ್ತಿರಲಿಲ್ಲ.

ತೊಡಕು ಇರುವುದು ನನ್ನ ಹೆಂಡತಿ ಶಿವಬಸವ್ವಳಲ್ಲಿ. ಆಕೆ ನಮ್ಮ ಕಡೆಯ, ಅಂದರೆ ಬಿಜಾಪುರದ ಕಡೆಯ ಹೆಂಗಸು. ಗಂಡನ ಹೆಸರನ್ನು ಬಾಯಿಂದ ಆಡಿದರೆ ಅವನ ಆಯುಷ್ಯ ಒಂದೊಂದೇ ದಿನ ಕಡಿಮೆಯಾಗುತ್ತದೆಂದು ಆಕೆಗೆ ಆಕೆಯ ಅಜ್ಜಿ ಹೇಳಿಕೊಟ್ಟಿದ್ದಾಳೆ, ಆಕೆ ನಂಬಿದ್ದಾಳೆ. ಮೂವತ್ತೊಂದು ವರ್ಷದ ಸಂಸಾರದಲ್ಲಿ ನಾನು ‘ರೀ’, ‘ಇವರು’, ‘ಇಲ್ಲಿ ನೋಡ್ರಿ’ ಎಂಬ ಮೂರು ಹೆಸರುಗಳಲ್ಲಿ ಬಾಳಿದ್ದೇನೆ, ನನಗೆ ಯಾವ ತೊಂದರೆಯೂ ಆಗಿಲ್ಲ.

ಈ ಸಂಕ್ರಾಂತಿಯ ಮರುದಿನ ಆಕೆಗೆ ತಲೆಸುತ್ತು ಬಂದು ತಮ್ಮ ಬಳಿಗೆ ಬಂದಳು. ತಾವು ಗಂಡನ ಹೆಸರು ಕೇಳಿದಿರಿ. ಆಕೆ ಸೆರಗು ಕಚ್ಚಿಕೊಂಡು ನಿಂತಳು. ಹಿಂದೆ ಮೂವತ್ತು ಜನರ ಸಾಲು. ಕಡೆಗೆ, ಶಿವನ ಗುಡಿಯಲ್ಲಿ ಶಿವನ ಎದುರಿಗೆ ಕೂತಿರುತ್ತಾನಲ್ಲ, ಅವನ ಹೆಸರೇ ಎಂದು ಸುಳಿವು ಕೊಟ್ಟಳು. ಸಾಲಿನ ಹೆಂಗಸೊಬ್ಬಳು ಬುದ್ಧಿ ಓಡಿಸಿ ನಂದಕುಮಾರ ಎಂದಳು, ತಾವು ಬರೆದುಕೊಂಡಿರಿ. ಡಾಕ್ಟರರು ಬೀಪಿ ನೋಡಿ ನೂರಾ ಎಪ್ಪತ್ತೆಂದರು. ಮೊದಲ ಸಲದ ಲೆಕ್ಕಕ್ಕೆ ಗುಳಿಗೆ ಕೊಡಲಾಗದು, ಸಾಲಿನಲ್ಲಿ ನಿಂತ ದಣಿವೂ ಇರಬಹುದು, ಹದಿನೈದು ದಿನ ಬಿಟ್ಟು ಬಾ, ಆಗಲೂ ಇಷ್ಟೇ ಇದ್ದರೆ ಗುಳಿಗೆ ಸುರುಮಾಡೋಣ ಎಂದು ನ್ಯಾಯವಾಗಿಯೇ ಹೇಳಿದರು.

ಹದಿನೈದು ದಿನ ಬಿಟ್ಟು ಹೋದಳು. ಹಿಂದಿನ ಸಲ ತನ್ನ ಗಂಡ ಯಾರಾಗಿದ್ದನೆಂಬುದು ಆಕೆಗೆ ನೆನಪಿರಲಿಲ್ಲ. ಅದೇ ಸುಳಿವು ಕೊಟ್ಟಳು. ಈ ಸಲ ಸಾಲಿನಲ್ಲಿದ್ದ ಬೇರೆಯವಳು ಎದುರಿಗೆ ಕೂತವನನ್ನು ದಾಟಿ ಗರ್ಭಗುಡಿಯ ತನಕ ಹೋಗಿ ಮಹಾದೇವ ಎಂದಳು. ಮಹಾದೇವನ ಗಂಟಿನಲ್ಲಿ ಶಿವಬಸವ್ವ ಇರಲಿಲ್ಲವಾದ್ದರಿಂದ ತಾವು ಹೊಸ ಪೇಪರ್ ಕೊಟ್ಟಿರಿ. ಡಾಕ್ಟರರು ಪೇಪರ್ ನೋಡಿ, ಮೊದಲ ಸಲ, ಹದಿನೈದು ದಿನ ಬಿಟ್ಟು ಬಾ ಎಂದರು. ಮೂರನೆಯ ಸಲ ಆಕೆ ವಿಳಾಸಕ್ಕೆಂದು ನಾವು ಬಾಡಿಗೆಗಿರುವ ವಾಡೆಯ ಮಾಲಕ ಗುರಣ್ಣನ ಹೆಸರು ಹೇಳಿದಳು, ತಾವು ಅದನ್ನೇ ಗಂಡನ ಜಾಗದಲ್ಲಿ ಬರೆದಿರಿ. ಎಪ್ಪತ್ತೆಂಟು ವರ್ಷದ ಗುರಣ್ಣನಿಗೆ ಈ ಸುದ್ದಿ ತಿಳಿದಂದಿನಿಂದ ನನ್ನನ್ನು ಕಂಡರೆ ಕೆಮ್ಮಿ ಒಳಗೆ ಹೋಗುತ್ತಾನೆ. ನಾಲ್ಕನೆಯ ಸಲ ತಮ್ಮ ಹಿಂದೆ ಕೂರುವ ಗುಮಾಸ್ತ ಅವಧೂತರು, ಒಳ್ಳೆಯ ಮನುಷ್ಯರು, ಸರಕಾರಿ ಕೆಲಸ ನಿಲ್ಲಬಾರದೆಂಬ ಒಂದೇ ಕಾರಣಕ್ಕೆ, ಗಂಡನ ಜಾಗದಲ್ಲಿ ತಮ್ಮ ಹೆಸರನ್ನೇ ಬರೆದು ಸಾಲನ್ನು ಮುಂದಕ್ಕೆ ಕಳಿಸಿದರು. ನಾಲ್ಕು ಸಲವೂ ಬೀಪಿ ನೂರಾ ಎಪ್ಪತ್ತಕ್ಕೆ ಕಡಿಮೆ ಇರಲಿಲ್ಲ, ನಾಲ್ಕು ಸಲವೂ ಅದು ಮೊದಲ ಸಲವಾಗಿತ್ತು.

ಈ ಗಂಡಂದಿರ ಕತೆಯೆಲ್ಲ ನನಗೆ ತಿಳಿದದ್ದು ಇತ್ತೀಚೆಗೆ; ಆಗ ಮನೆಯಲ್ಲಿ ನಾನು ಕೇಳಿದಾಗ ಹದಿನೈದು ದಿನ ಬಿಟ್ಟು ಬಾ ಅಂದಾರ ಎನ್ನುತ್ತಿದ್ದಳು. ಅಷ್ಟು ನಿಧಾನವಾಗಿ ಕರೆಯುತ್ತಿದ್ದಾರೆಂದರೆ ಏನೂ ಇಲ್ಲವೆಂದು ನಾನು ತಿಳಿದೆ. ತಪ್ಪು ನನ್ನದೂ ಇದೆ, ಅದನ್ನು ಮರೆಮಾಚುವುದಿಲ್ಲ.

ಆದ್ದರಿಂದ ಪೇಠಗಳಲ್ಲಿ ವಾಸಿಸುವ, ಐವತ್ತು ದಾಟಿದ, ಗಂಡನ ಹೆಸರು ಹೇಳದ ಹೆಂಗಸರ ಆರೋಗ್ಯ ಸುಧಾರಣೆಗಾಗಿ ಒಂದು ಧೋರಣೆಯನ್ನು ತಮ್ಮ ಪಾದಕ್ಕೆ ಅರ್ಪಿಸುತ್ತಿದ್ದೇನೆ. ಸರಕಾರವು ಪ್ರತಿ ದವಾಖಾನೆಗೆ ಒಬ್ಬ ಹೆಸರು ಹೇಳುವ ಅಧಿಕಾರಿಯನ್ನು ನೇಮಿಸಿ, ಓಣಿಯ ಎಲ್ಲ ಗಂಡಂದಿರನ್ನೂ ಅವನಿಗೆ ಬಾಯಿಪಾಠ ಮಾಡಿಸಬೇಕು. ಅದು ಆಗದಿದ್ದರೆ ಗಂಡಂದಿರನ್ನೇ ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರ ತನಕ ಕೊರಳಿಗೆ ಚೀಟಿ ಕಟ್ಟಿ ತಮ್ಮ ಎದುರಿನ ಬೆಂಚಿನ ಮೇಲೆ ಕೂರಿಸಬೇಕು, ಹೆಂಡಂದಿರು ಬಂದು ಬೊಟ್ಟು ಮಾಡಿ ತೋರಿಸುತ್ತಾರೆ. ಅದಕ್ಕೂ ಬೆಂಚು ಸಾಲದಿದ್ದರೆ, ಮದುವೆಮನೆಗಳಲ್ಲಿ ನಮ್ಮ ಹೆಂಗಸರು ಗಂಡನ ಹೆಸರನ್ನು ಪ್ರಾಸದ ನಡುವೆ ಸೇರಿಸಿ ಹಾಡಿದಂತೆ ಹೇಳುವ ಒಡಪಿಗೆ ದೋಷವಿಲ್ಲವಾದ್ದರಿಂದ, ತಮ್ಮ ಎದುರಿಗೆ ಒಂದು ಚಾಪೆ ಹಾಸಿ, ಅರಿಷಿಣ ಕುಂಕುಮವಿಟ್ಟು, ಪ್ರತಿ ರೋಗಿಗೂ ಒಂದು ಒಡಪು ಹೇಳುವಷ್ಟು ವೇಳೆ ಕೊಡಬೇಕು. ಕೆಮ್ಮಿನವರು ಹೊರಗೆ ನಿಂತು ಚಪ್ಪಾಳೆ ತಟ್ಟಬಹುದು. ಇವೆಲ್ಲವೂ ಕಷ್ಟವೆನಿಸಿದರೆ, ಹೇಳಲು ನನಗೇ ಸಂಕೋಚವಾಗುವಷ್ಟು ಸಣ್ಣದೊಂದು ಉಪಾಯವಿದೆ: ಪೇಪರಿನ ಮೇಲೆ ರೋಗಿಯ ಹೆಸರನ್ನೂ ಮನೆಯ ನಂಬರನ್ನೂ ಬರೆದು ಆ ಪೇಪರನ್ನು ಆಕೆಯ ಕೈಗೇ ಕೊಟ್ಟುಬಿಡುವುದು. ಮೂವತ್ತೊಂದು ವರ್ಷದ ರೇಶನ್ ಕಾರ್ಡನ್ನು ಕಳೆಯದವಳು ಒಂದು ಪೇಪರನ್ನು ಕಳೆಯಲಿಕ್ಕಿಲ್ಲ.

ಇನ್ನು ನನ್ನ ನಿಜವಾದ ದೂರು. ಯುಗಾದಿ ಮುಗಿದ ಮರುವಾರ ರೊಟ್ಟಿ ಬಡಿಯುತ್ತಿದ್ದ ಆಕೆಯ ಬಲಗೈ ಹಿಟ್ಟಿನ ಮೇಲೆ ಇಟ್ಟದ್ದು ಇಟ್ಟಂತೆಯೇ ನಿಂತಿತು, ಬಾಯಿ ಒಂದು ಕಡೆಗೆ ವಾಲಿತು. ನಾನು ಆಫೀಸಿನಲ್ಲಿದ್ದೆ. ಪಕ್ಕದ ಹರಿಣಾಕ್ಷಿ, ಹೋಟೆಲು ನಡೆಸುವ ಮಂಗಳೂರು ಕಡೆಯವರು, ಆಕೆಯನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ತಾವೇ ಹತ್ತಿರವೆಂದು ತಮ್ಮ ಬಳಿಗೇ ಕರೆತಂದರು. ತಾವು ವಾಡಿಕೆ ಬಿಡದೆ ಗಂಡನ ಹೆಸರು ಕೇಳಿದಿರಿ. ಹರಿಣಾಕ್ಷಿ ಬಾಯಿ ತೆರೆಯುವ ಮೊದಲೇ ಶಿವಬಸವ್ವ ಎಡಗೈಯಿಂದ ತಮ್ಮ ಸರಳು ಹಿಡಿದು, ತೊದಲುವ ನಾಲಿಗೆಯಲ್ಲಿ, ಪ್ರಾಸವಿಲ್ಲದೆ, ಹಾಡಿಲ್ಲದೆ ಹೇಳಿದಳಂತೆ:

“ಈರಬಸಪ್ಪ. ಬರ್ಕೋರಿ. ಲಗೂ ಬರ್ಕೋರಿ.”

ಲಕ್ವ ಪೂರ್ತಿ ಹೊಡೆದಿರಲಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ನಾಲ್ಕು ದಿನ ಇಟ್ಟುಕೊಂಡು ಗುಳಿಗೆ ಕೊಟ್ಟರು, ಕೈ ತಿರುಗಿ ಬಂತು. ಈಗ ದಿನಾ ಒಂದು ಗುಳಿಗೆ ನುಂಗುತ್ತಾಳೆ. ಆದರೆ ಮೂವತ್ತೊಂದು ವರ್ಷ ನಾನು ಕಾದ ಮಾತನ್ನು, ಕಿವಿಯೇ ಇಲ್ಲದ ತಾವು ಕೇಳಿಸಿಕೊಂಡಿರಿ. ಇದಕ್ಕೆ ಪರಿಹಾರವೇನೆಂದು ತಿಳಿಸಬೇಕಾಗಿ ಪ್ರಾರ್ಥನೆ. ಮನೆಗೆ ಬಂದ ಮೇಲೆ, ಇಷ್ಟು ದಿನ ಹೇಳದವಳು ಅಂದೇಕೆ ಹೇಳಿದೆ, ನನ್ನ ಆಯುಷ್ಯದ ಗತಿ ಏನಾಯಿತು ಎಂದು ನಗೆಯಾಡುತ್ತ ಕೇಳಿದೆ. ಆಕೆ ನಗಲಿಲ್ಲ.

“ನಾ ಇರದಿದ್ರ ಅಷ್ಟ ಆಯುಷ್ಯ ತಗೊಂಡು ನೀವರೆ ಏನ್ ಮಾಡ್ತಿದ್ರಿ?” ಅಂದಳು.

ತಮ್ಮಲ್ಲಿ ಈ ಪ್ರಶ್ನೆಗೆ ಯಾವುದಾದರೂ ಫಾರ್ಮು ಇದ್ದರೆ ದಯಮಾಡಿ ಕಳಿಸಿಕೊಡಿ, ಇಬ್ಬರೂ ಕೂತು ತುಂಬುತ್ತೇವೆ.

ಸರಳುಗಳ ಈಚೆ ನಿಂತಿರುವ,
ತಮ್ಮ ವಿಶ್ವಾಸಿ,
ಈರಬಸಪ್ಪ
(ತಮ್ಮ ದಾಖಲೆಯ ಪ್ರಕಾರ ಐದನೆಯವನು)

ತಾ.ಕ.: ಹೋದ ವರ್ಷ ನನ್ನ ಮೊಣಕಾಲು ನೋವಿಗೆಂದು ಮೂರು ಸಲ ಆಫೀಸಿಗೆ ರಜೆ ಹಾಕಿ ತಮ್ಮೆದುರು ನಿಂತಿದ್ದೆ. ಮೂರು ಸಲವೂ ನನ್ನ ಪೇಪರು ಒಂದೇ ಕ್ಷಣದಲ್ಲಿ ಸಿಕ್ಕಿತು, ಹೆಂಡತಿಯ ಹೆಸರನ್ನು ತಾವು ಒಮ್ಮೆಯೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ: ಶಿವಬಸವ್ವ. ಬರೆದುಕೊಳ್ಳಿ.