ಟೇಪ್ ಓದುವಾಗ ಮಿಕ್ಸಿ ಹಾಕಬಾರದು

ನಮ್ಮ ದೊಡ್ಡಪ್ಪನಷ್ಟು ನಿಧಾನದ ಮನುಷ್ಯ ಇಡೀ ಮಂಗಳೂರಿನಲ್ಲಿ ಇನ್ನೊಬ್ಬರಿರಲಿಲ್ಲ ಎಂದು ನಾನು ಆಣೆ ಹಾಕಿ ಹೇಳಬಲ್ಲೆ. ಅವರಿಗಿಂತ ನಿಧಾನವಾದದ್ದು ಊರಿನಲ್ಲಿ ಒಂದೇ ಒಂದಿತ್ತು, ಅದು ಅವರ ಕಂಪ್ಯೂಟರು! ಎಂಬತ್ತರ ದಶಕದ ನಡುವಿನಲ್ಲಿ, ಮನೆಯಲ್ಲಿ ಫೋನು ಇದ್ದವರೇ ದೊಡ್ಡ ಮನುಷ್ಯರಾಗಿದ್ದ ಕಾಲದಲ್ಲಿ, ಕದ್ರಿಯ ಪುರೋಹಿತರ ಮನೆಯೊಂದಕ್ಕೆ ಕಂಪ್ಯೂಟರ್ ಬಂದಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ನಂಬಿ. ಆ ಕಂಪ್ಯೂಟರನ್ನು ಮನೆಯಿಂದ ಓಡಿಸಿದವನು ನಾನೇ. ಓಡಿಸಬಾರದಿತ್ತು. ಇರಲಿ, ಮೊದಲು ನಗುವ ಸಂಗತಿಗಳನ್ನು ಹೇಳಿ ಮುಗಿಸುತ್ತೇನೆ.

ದೊಡ್ಡಪ್ಪ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರಾಗಿದ್ದು ನಿವೃತ್ತರಾದವರು. ಅವರ ಕೈಯಲ್ಲಿ ಪೆಟ್ಟು ತಿಂದು ಉದ್ಧಾರವಾದ ಶಿಷ್ಯನೊಬ್ಬ ಗಲ್ಫಿನಿಂದ ಬರುವಾಗ ಗುರುದಕ್ಷಿಣೆಯೆಂದು ಆ ಯಂತ್ರವನ್ನು ತಂದುಕೊಟ್ಟ. ಯಂತ್ರ ಎಂದರೆ ಒಂದು ಕೀಬೋರ್ಡು, ಅಷ್ಟೆ. ಅಕ್ಷರ ಕಾಣಬೇಕಾದರೆ ಟಿವಿಗೆ ಸಿಕ್ಕಿಸಬೇಕು. ನೆನಪಿಡಬೇಕಾದರೆ ಟೇಪ್‌ರೆಕಾರ್ಡರಿಗೆ ಸಿಕ್ಕಿಸಬೇಕು. ನಾವು ಹಾಡು ಕೇಳುವಂಥದ್ದೇ ಕ್ಯಾಸೆಟ್ಟು! ಸ್ವಿಚ್ ಆರಿಸಿದೊಡನೆ ಯಂತ್ರ ಎಲ್ಲವನ್ನೂ ಮರೆತುಬಿಡುತ್ತಿತ್ತು. ಮರುದಿನ ಮತ್ತೆ ಕ್ಯಾಸೆಟ್ಟು ಹಾಕಿ ಮೊದಲಿನಿಂದ ಓದಿಸಬೇಕು. ಓದಲಿಕ್ಕೆ ಇಪ್ಪತ್ತು ನಿಮಿಷ. ಓದುವಷ್ಟು ಹೊತ್ತೂ ಸಿಟಿ ಬಸ್ಸು ಬ್ರೇಕು ಹಾಕಿದಂತೆ ಕೀಂ ಎಂದು ಕಿರುಚುತ್ತಿತ್ತು.

ಇಷ್ಟು ಕಷ್ಟಪಟ್ಟು ದೊಡ್ಡಪ್ಪ ಅದರಲ್ಲಿ ಮಾಡುತ್ತಿದ್ದುದು ಏನು? ಶ್ರಾದ್ಧದ ಪಟ್ಟಿ! ನನ್ನ ಅಪ್ಪ, ಅಂದರೆ ಅವರ ತಮ್ಮ, ಪೌರೋಹಿತ್ಯ ಮಾಡುತ್ತಿದ್ದರು. ಉರ್ವದಿಂದ ಪಡೀಲಿನವರೆಗೆ ಅವರಿಗೆ ಮನೆಗಳು. ಯಾರ ಮನೆಯಲ್ಲಿ ಯಾರ ತಿಥಿ, ಯಾವ ಮಾಸ, ಯಾವ ಪಕ್ಷ, ಯಾವ ಬಸ್ಸಿನಲ್ಲಿ ಹೋಗಿ ಎಲ್ಲಿ ಇಳಿಯಬೇಕು ಎಂಬುದೆಲ್ಲ ಕ್ಯಾಸೆಟ್ಟಿನಲ್ಲಿತ್ತು. ಉರ್ವದ ಲೈನಿಗೆ ಒಂದು ಕ್ಯಾಸೆಟ್ಟು, ಪಡೀಲಿನ ಲೈನಿಗೆ ಇನ್ನೊಂದು. ಜಗತ್ತಿನಲ್ಲಿ ಸತ್ತವರನ್ನು ಬಸ್ ರೂಟಿನ ಪ್ರಕಾರ ಜೋಡಿಸಿಟ್ಟ ಮೊದಲ ಕಂಪ್ಯೂಟರು ಅದೇ ಇರಬೇಕು.

ಒಮ್ಮೆ ದೊಡ್ಡಪ್ಪ ಒಂದು ಮನೆಯಲ್ಲಿ ತೀರಿಹೋದ ತಂದೆಯ ಹೆಸರು ಬರೆಯುವಲ್ಲಿ ಬದುಕಿರುವ ಮಗನ ಹೆಸರು ಬರೆದುಬಿಟ್ಟರು. ಅಪ್ಪ ಆ ಪಟ್ಟಿಯನ್ನು ನಂಬಿ ದರ್ಭೆ, ಎಳ್ಳು ಕಟ್ಟಿಕೊಂಡು ಬೆಳಿಗ್ಗೆ ಬೆಳಿಗ್ಗೆ ಪಡೀಲಿಗೆ ಹೋದರು. ಬಾಗಿಲು ತೆರೆದವರ ಹತ್ತಿರ ವಿನಯದಿಂದ ಹೆಸರು ಹೇಳಿ, "ಇವತ್ತು ಅವರ ತಿಥಿಯಲ್ಲವಾ?" ಎಂದು ಕೇಳಿದರು.

ಬಾಗಿಲು ತೆರೆದವರು ತಮ್ಮನ್ನೇ ಒಮ್ಮೆ ನೋಡಿಕೊಂಡು, "ನನಗೆ ಗೊತ್ತಿರಲಿಲ್ಲ ಭಟ್ರೇ. ಒಳಗೆ ಬನ್ನಿ, ಊಟ ಮಾಡಿಕೊಂಡೇ ಹೋಗಿ. ಹೇಗೂ ಬಡಿಸ್ಲಿಕ್ಕೆ ನಾನೇ ಇದ್ದೇನೆ" ಎಂದರಂತೆ.

ಅಪ್ಪ ಮನೆಗೆ ಬಂದು ಹಾರಾಡಿದರು. ದೊಡ್ಡಪ್ಪ ಕನ್ನಡಕ ಒರೆಸುತ್ತಾ, "ಯಂತ್ರದ್ದು ಎಂತ ತಪ್ಪುಂಟು? ಅದು ಸ್ವಲ್ಪ ಮುಂದಿನದ್ದು ಹೇಳಿತು ಅಷ್ಟೆ" ಎಂದರು.

ಇನ್ನು ಟಿವಿಯ ಕತೆ. ನಮ್ಮ ಬೀದಿಯಲ್ಲಿ ಮೊದಲು ಟಿವಿ ಬಂದದ್ದು ನಮ್ಮಲ್ಲಿ. ಭಾನುವಾರ ಸಿನಿಮಾ ನೋಡಲು ನೆರೆಕರೆಯವರು ಬಂದು ಚಾಪೆ ತುಂಬ ಕೂತರೆ, ದೊಡ್ಡಪ್ಪ ಮಧ್ಯಾಹ್ನ ಹಾಕಿದ್ದು ಇನ್ನೂ ಮುಗಿಯದೆ ಪರದೆಯ ಮೇಲೆ ಉರ್ವದ ಶ್ರಾದ್ಧದ ಪಟ್ಟಿ ಒಂದೊಂದೇ ಸಾಲು ಮೇಲೇರುತ್ತಿತ್ತು. ಜನ ಅದನ್ನೂ ನೋಡುತ್ತಿದ್ದರು! ಒಮ್ಮೆ ಪಕ್ಕದ ಮನೆಯ ಹೆಂಗಸೊಬ್ಬರು ತಮ್ಮ ಮಾವನ ಹೆಸರು ಬಂದೊಡನೆ ಎದ್ದು ನಿಂತು ಕೈ ಮುಗಿದರು. ಅವರನ್ನು ನೋಡಿ ಉಳಿದವರೂ ಎದ್ದರು. ಆ ದಿನ ಸಿನಿಮಾ ಶುರುವಾಗುವಾಗ ಅರ್ಧ ಕತೆ ಮುಗಿದಿತ್ತು.

ಈ ಸತ್ತವರ ಹೆಸರುಗಳ ಕಾರಣಕ್ಕೇ ನಮ್ಮ ಅಜ್ಜಿಗೆ, ಎಂದರೆ ದೊಡ್ಡಪ್ಪನ ತಾಯಿಗೆ, ಆ ಯಂತ್ರವೆಂದರೆ ಭಯ. ಅಜ್ಜಿ ಬೇರೆ ಯಾರಿಗೂ ಹೆದರಿದವಳಲ್ಲ. ಹನ್ನೆರಡು ಮಂದಿಯ ಆ ಮನೆಯನ್ನು ಮಂಚದ ಮೇಲೆ ಕೂತೇ ಆಳುತ್ತಿದ್ದಳು. ಅವಳ ಆಳ್ವಿಕೆಯ ಪೂರಾ ಭಾರ ಬಿದ್ದದ್ದು ಹಿರಿಯ ಸೊಸೆಯ ಮೇಲೆ, ಅಂದರೆ ದೊಡ್ಡಮ್ಮನ ಮೇಲೆ. ದೊಡ್ಡಮ್ಮ ಕೂತದ್ದನ್ನು ನಾನು ಚಿಕ್ಕಂದಿನಲ್ಲಿ ನೋಡಿದ ನೆನಪೇ ಇಲ್ಲ. ಊಟವನ್ನೂ ಒಲೆಯ ಹತ್ತಿರ ನಿಂತೇ ಮುಗಿಸುತ್ತಿದ್ದಳು. ಸಂಜೆಯಾಗುವಾಗ ಅವಳ ಪಾದಗಳು ಬಾತುಕೊಂಡು ಕಾಲುಂಗುರ ಚರ್ಮದೊಳಗೆ ಹೂತು ಹೋಗಿರುತ್ತಿತ್ತು. "ಸ್ವಲ್ಪ ಕೂತ್ಕೋ" ಎಂದು ಹೇಳುವ ಧೈರ್ಯ ಯಾರಿಗಿತ್ತು? ಗಂಡ ಹೇಳುವುದಂತೂ ದೂರದ ಮಾತು. ಅತ್ತೆಯ ಎದುರು ಗಂಡ ಹೆಂಡತಿಗೆ ಮರುಗಿದರೆ ಆ ಮಾತಿನ ಪೆಟ್ಟು ಮರುದಿನ ಹೆಂಡತಿಗೇ ಬೀಳುತ್ತಿದ್ದ ಕಾಲ ಅದು.

ದೊಡ್ಡಪ್ಪ ಕಂಪ್ಯೂಟರ್ ಹಾಕುವುದು ದಿನಾ ಮಧ್ಯಾಹ್ನ ಮೂರಕ್ಕೆ. ಸರಿಯಾಗಿ ದೊಡ್ಡಮ್ಮ ಪಾತ್ರೆ ತೊಳೆದು ಮುಗಿಸಿ ನಾಳೆಯ ದೋಸೆಗೆ ಅರೆಯಲು ಹೊರಡುವ ಹೊತ್ತು. ಆಗ ಮನೆಗೆ ಅವರ ಕಾನೂನು ಜಾರಿ. "ಟೇಪ್ ಓದುವಾಗ ಮಿಕ್ಸಿ ಹಾಕಬಾರದು. ಕಾಯಿ ತುರಿಯಬಾರದು. ಪಾತ್ರೆ ಸದ್ದಾಗಬಾರದು. ಒಂದು ಹೆಸರು ಬಿಟ್ಟುಹೋದರೆ ಅವರ ತಿಥಿ ತಪ್ತದೆ. ಮತ್ತೆ ಪಾಪ ನಮಗೆ."

ಪಾಪ ಎಂದ ಮೇಲೆ ಮುಗಿಯಿತು. ಅಜ್ಜಿ ಮಂಚದಿಂದಲೇ ಕೂಗುತ್ತಿದ್ದಳು. "ಒಳಗೆ ಎಂತ ಕಟಕಟ? ಬಾ, ಇಲ್ಲಿ ಬಂದು ಸುಮ್ಮನೆ ಕೂತ್ಕೋ."

ದೊಡ್ಡಮ್ಮ ಬಂದು ಟಿವಿಯ ಎದುರಿನ ಕುರ್ಚಿಯಲ್ಲಿ ಕೂರುತ್ತಿದ್ದಳು. ದೊಡ್ಡಪ್ಪ ಟಿವಿ ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಅವಳ ಮುಂದೆ ತಳ್ಳಿ, "ಕಾಲು ಇದರ ಮೇಲೆ ಇಡು. ನೆಲಕ್ಕೆ ತಾಗಿದ್ರೆ ಮಿಷಿನಿಗೆ ಆಗುವುದಿಲ್ಲ" ಎನ್ನುತ್ತಿದ್ದರು. ಇಂಥ ಅವೈಜ್ಞಾನಿಕ ಮಾತನ್ನು ಗಣಿತದ ಮಾಸ್ತರರು ಹೇಳುವುದೇ? ನನಗೆ ನಗು ತಡೆಯಲಾಗುತ್ತಿರಲಿಲ್ಲ. ದೊಡ್ಡಮ್ಮ ಮಾತ್ರ ನಗದೆ ಕಾಲು ಮೇಲಿಟ್ಟು, ಆ ಕಿರುಚಾಟದಲ್ಲೇ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಅದು ಸಾಲದೆಂದು ಆಗಾಗ ಎರರ್ ಬೇರೆ! ಹತ್ತೊಂಬತ್ತು ನಿಮಿಷ ಓದಿ ಇಪ್ಪತ್ತನೆಯದಕ್ಕೆ ಯಂತ್ರ ಕೈಯೆತ್ತುತ್ತಿತ್ತು. ದೊಡ್ಡಪ್ಪ "ಎರರ್ ಬಂತು, ಮತ್ತೊಮ್ಮೆ ಹಾಕ್ಬೇಕು" ಎಂದು ಶಾಂತವಾಗಿ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿಸುತ್ತಿದ್ದರು. ಮನೆಯಲ್ಲಿ ಹಿಂದಿನ ದಿನ ದೊಡ್ಡ ಊಟವಿತ್ತೆಂದರೆ ಮರುದಿನ ಎರಡು ಎರರ್ ಖಂಡಿತ. ನಾನು ಒಮ್ಮೆ ಹತ್ತಿರದಿಂದ ಗಮನಿಸಿದೆ. ಓದುತ್ತಿರುವಾಗ ದೊಡ್ಡಪ್ಪನ ಹೆಬ್ಬೆರಳು ಟೇಪ್‌ರೆಕಾರ್ಡರಿನ ವಾಲ್ಯೂಮನ್ನು ಒಂದಿಷ್ಟು ಕೆಳಗೆ ತಿರುಗಿಸಿತು. ದನಿ ತಗ್ಗಿದರೆ ಯಂತ್ರಕ್ಕೆ ಓದಲಾಗದೆ ಎರರ್ ಬರುತ್ತದೆ. ವಯಸ್ಸಾಯಿತು, ಕೈ ನಡುಗುತ್ತದೆ ಪಾಪ ಎಂದುಕೊಂಡೆ. ವಾಲ್ಯೂಮ್ ಎಲ್ಲಿರಬೇಕೋ ಅಲ್ಲಿಗೆ ಒಂದು ಕುಂಕುಮದ ಬೊಟ್ಟು ಇಟ್ಟೆ. ಮರುದಿನ ನೋಡಿದರೆ ಬೊಟ್ಟು ಇಲ್ಲ. ಕೇಳಿದರೆ, "ಇರುವೆ ತಿಂದಿರಬೇಕು" ಎಂದರು.

ಅಷ್ಟರಲ್ಲಿ ನಾನು ಹಂಪನಕಟ್ಟೆಯಲ್ಲಿ ಆರು ತಿಂಗಳ ಕಂಪ್ಯೂಟರ್ ಕೋರ್ಸು ಮುಗಿಸಿದೆ. ಒಂದು ಕಚೇರಿಯಲ್ಲಿ ಕೆಲಸವೂ ಸಿಕ್ಕಿತು. ಆರು ತಿಂಗಳು ಕಲಿತವನ ಅಹಂಕಾರ ಹೇಗಿರುತ್ತದೆಂದು ನಿಮಗೆ ಗೊತ್ತುಂಟಲ್ಲ? ದೊಡ್ಡಪ್ಪನ ಆ ಕ್ಯಾಸೆಟ್ಟಿನ ಯಂತ್ರ ನನಗೆ ಮನೆತನದ ಮಾನದ ಪ್ರಶ್ನೆಯಾಯಿತು. ಕಚೇರಿಯಲ್ಲಿ ಬದಿಗೆ ಸರಿಸಿದ್ದ ಫ್ಲಾಪಿಯ ಕಂಪ್ಯೂಟರೊಂದನ್ನು ಮಾಲಕರ ಕೈಕಾಲು ಹಿಡಿದು ಮನೆಗೆ ತರುತ್ತೇನೆ ಎಂದೆ.

"ಹಳೆಯದಕ್ಕೆ ಎಂತ ಆಗಿದೆ?" ಎಂದರು ದೊಡ್ಡಪ್ಪ.

"ಇಪ್ಪತ್ತು ನಿಮಿಷ ತಗೊಳ್ತದೆ ದೊಡ್ಡಪ್ಪ. ಹೊಸದರಲ್ಲಿ ಹತ್ತು ಸೆಕೆಂಡು."

"ಸತ್ತವರ ಪಟ್ಟಿಗೆ ಎಂತ ಅವಸರ ಮಾರಾಯ? ಅವರೆಲ್ಲಿಗೂ ಹೋಗುವುದಿಲ್ಲ."

"ಕಾಲ ಬದಲಾಗಿದೆ. ಈಗ ಇದನ್ನು ಯಾರೂ ಉಪಯೋಗಿಸುವುದಿಲ್ಲ."

"ನಾನು ಉಪಯೋಗಿಸ್ತೇನಲ್ಲ" ಎಂದರು. ಮತ್ತೆ ತಿಂಗಳುಗಟ್ಟಲೆ ಅದೇ ಹಠ. ಒಮ್ಮೆ ಪ್ಲಗ್ಗು ಸರಿಯಿಲ್ಲ ಎಂದರು, ಒಮ್ಮೆ ನಕ್ಷತ್ರ ಸರಿಯಿಲ್ಲ ಎಂದರು. ಇದು ಮುದಿ ಹಠ ಎಂದು ನಾನು ತೀರ್ಮಾನಿಸಿದೆ. ಅವರು ಉರ್ವಕ್ಕೆ ಒಂದು ಮದುವೆಗೆ ಹೋಗಿದ್ದ ದಿನ ಆಟೋದಲ್ಲಿ ಹೊಸ ಯಂತ್ರ ತಂದು ಕೂರಿಸಿಯೇಬಿಟ್ಟೆ. ಎರಡು ವಾರ ಕೂತು ಪಟ್ಟಿಯನ್ನೆಲ್ಲ ಅದಕ್ಕೆ ತುಂಬಿಸಿದೆ. ಆಮೇಲೆ ಒಂದು ಮಧ್ಯಾಹ್ನ ಮೂರು ಗಂಟೆಗೆ ಎಲ್ಲರನ್ನೂ ಕರೆದು ಪ್ರದರ್ಶನ ಇಟ್ಟೆ. ಫ್ಲಾಪಿ ಹಾಕಿದ್ದಷ್ಟೇ, ಪಟ್ಟಿ ಬಂದೇ ಬಂತು. ದೊಡ್ಡಮ್ಮ ಇನ್ನೂ ಕುರ್ಚಿಯ ತನಕ ತಲುಪಿರಲಿಲ್ಲ.

ಅಲ್ಲಿಗೆ ನಿಲ್ಲಿಸಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ. ನಿಲ್ಲಿಸಲಿಲ್ಲ. ನನ್ನ ವಿದ್ಯೆ ನನ್ನನ್ನು ಬಿಡಬೇಕಲ್ಲ! ಅಡುಗೆಮನೆಗೆ ಹೋಗಿ ಮಿಕ್ಸಿಯನ್ನು ಎತ್ತಿ ತಂದು ಕಂಪ್ಯೂಟರಿನ ಪಕ್ಕದಲ್ಲೇ ಜೋರಾಗಿ ತಿರುಗಿಸಿದೆ. ಪಟ್ಟಿ ಮತ್ತೊಮ್ಮೆ ತೆರೆಯಿತು, ಒಂದು ಹೆಸರೂ ಬಿಟ್ಟುಹೋಗಲಿಲ್ಲ. ಹಠಕ್ಕೆ ಬಿದ್ದು ಹಳೆಯ ಯಂತ್ರಕ್ಕೂ ಕ್ಯಾಸೆಟ್ಟು ಹಾಕಿ, ಇಪ್ಪತ್ತು ನಿಮಿಷ ಮಿಕ್ಸಿ ಬಿಟ್ಟು ಬಿಟ್ಟು ತಿರುಗಿಸಿದೆ. ಅದೂ ಸರಿಯಾಗಿಯೇ ಓದಿತು.

"ನೋಡಿ. ಮಿಕ್ಸಿಗೂ ಇದಕ್ಕೂ ಸಂಬಂಧವೇ ಇಲ್ಲ. ಕಾಲು ನೆಲಕ್ಕೆ ತಾಗಿದ್ರೂ ಎಂತ ಆಗುವುದಿಲ್ಲ" ಎಂದು ಘೋಷಿಸಿದೆ.

ಅಜ್ಜಿ ಮಂಚದ ಮೇಲೆ ನೆಟ್ಟಗೆ ಕೂತಳು. "ಹಾಗಾದ್ರೆ ಇವಳು ಇಷ್ಟು ವರ್ಷ ಸುಮ್ಮನೆ ಕೂತದ್ದಾ?"

ದೊಡ್ಡಮ್ಮ ಎದ್ದು, ಮಿಕ್ಸಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಹೋದಳು. ದೊಡ್ಡಪ್ಪ ರಟ್ಟಿನ ಪೆಟ್ಟಿಗೆಯನ್ನು ಕಾಲಿನಿಂದ ಗೋಡೆಯ ಬದಿಗೆ ಸರಿಸಿದರು. ನನ್ನನ್ನು ನೋಡಿ, "ನೀನು ತುಂಬಾ ಕಲ್ತಿದ್ದಿ ಮಾರಾಯ" ಎಂದರು. ನಾನು ಮೂರ್ಖ, ಅದನ್ನು ಹೊಗಳಿಕೆ ಎಂದೇ ತಿಳಿದೆ.

ಹಳೆಯ ಯಂತ್ರವನ್ನು ಕಚೇರಿಯ ಗೆಳೆಯನೊಬ್ಬನಿಗೆ ಕೊಟ್ಟೆ. ಅವನ ಮಕ್ಕಳು ವಾರದೊಳಗೆ ಅದರ ಕೀಲಿಗಳನ್ನೆಲ್ಲ ಕಿತ್ತು ಆಟವಾಡಿದರು. ಕ್ಯಾಸೆಟ್ಟುಗಳ ಮೇಲೆ ನಾನು ತಾಳಮದ್ದಳೆ ರೆಕಾರ್ಡ್ ಮಾಡಿಕೊಂಡೆ.

ಒಂದು ವರ್ಷ ಕಳೆದಿರಬೇಕು, ದೊಡ್ಡಮ್ಮನ ಕಾಲಿನ ಬಾವು ಬೆಳಿಗ್ಗೆಯೂ ಇಳಿಯದಾಯಿತು. ಪಾದದ ಗಂಟಿನ ಹತ್ತಿರ ಹುಣ್ಣಾಗಿ ಅದು ಒಣಗಲೇ ಇಲ್ಲ. ಕೊನೆಗೆ ನಡೆಯಲು ಆಗದೆ ಮಲಗಿದಳು. ಅವಳನ್ನು ನಮ್ಮ ಮನೆಯ ಮಾಮೂಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದವನು ನಾನು. ಅವರು ಕಾಲು ನೋಡಿ, ಕನ್ನಡಕ ತೆಗೆದು, ನನ್ನನ್ನು ಹೊರಗೆ ಕರೆದರು.

"ನಿಮ್ಮ ದೊಡ್ಡಪ್ಪನಿಗೆ ನಾನು ಆಗಲೇ ಹೇಳಿದ್ದೆ. ಮಧ್ಯಾಹ್ನ ಒಂದರ್ಧ ಗಂಟೆ ಕಾಲು ಮೇಲಿಟ್ಟು ಕೂರಲಿ, ಇಲ್ಲದಿದ್ದರೆ ಕಷ್ಟ ಉಂಟು ಅಂತ. ಮನೆಯಲ್ಲಿ ಕೂರ್ಲಿಕ್ಕೆ ಬಿಡುವುದಿಲ್ಲ ಡಾಕ್ಟ್ರೇ, ಆದರೂ ನಾನೊಂದು ದಾರಿ ಮಾಡ್ತೇನೆ ಅಂದಿದ್ದರು. ನಡುವೆ ಕೆಲವು ವರ್ಷ ಎಷ್ಟು ಚಂದ ಇತ್ತು. ಮತ್ತೆ ಎಂತ ಆಯ್ತು?"

ಏನಾಯಿತೆಂದು ಈ ಲೋಕದಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಮೂರು ಗಂಟೆ, ರಟ್ಟಿನ ಪೆಟ್ಟಿಗೆ, ವಾಲ್ಯೂಮ್ ತಿರುಗಿಸಿದ ಹೆಬ್ಬೆರಳು, ಇರುವೆ ತಿಂದ ಕುಂಕುಮ.

ಮನೆಗೆ ಬಂದವನೇ ಅಜ್ಜಿಗೂ ಕೇಳಿಸುವಂತೆ ಗಟ್ಟಿಯಾಗಿ ಹೇಳಿದೆ. "ದೊಡ್ಡಪ್ಪ, ನಾನು ತಪ್ಪು ಹೇಳಿದ್ದು. ಹೊಸ ಮಿಷಿನಿಗೂ ಮಿಕ್ಸಿ ಆಗುವುದಿಲ್ಲ. ಅದು ಓದುವಾಗ ಯಾರೂ ಮಿಕ್ಸಿ ಹಾಕಬಾರದು."

ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಹಾಕುವವಳೇ ಮಲಗಿದ್ದಾಳಲ್ಲ" ಎಂದರು. "ಇನ್ನು ಹಾಕಿದ್ರೂ ಅಡ್ಡಿ ಇಲ್ಲ."

ಮೂರು ಗಂಟೆಯಾಯಿತು. ಅವರು ಎದ್ದು ಕಂಪ್ಯೂಟರಿಗೆ ಫ್ಲಾಪಿ ಹಾಕಿದರು. ಹತ್ತು ಸೆಕೆಂಡಿನಲ್ಲಿ ಪಟ್ಟಿ ಬಂತು. ಅದರ ಕಡೆ ನೋಡದೆ, ಗೋಡೆಯ ಬದಿಯಲ್ಲಿದ್ದ ರಟ್ಟಿನ ಪೆಟ್ಟಿಗೆಯನ್ನು ಎತ್ತಿಕೊಂಡು ದೊಡ್ಡಮ್ಮನ ಕೋಣೆಗೆ ಹೋದರು. ಅವಳ ಕಾಲನ್ನು ಮೆಲ್ಲಗೆ ಎತ್ತಿ ಪೆಟ್ಟಿಗೆಯ ಮೇಲಿಟ್ಟು, ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು. ಅಜ್ಜಿ ಮಂಚದಿಂದ ತೆರೆದ ಬಾಗಿಲಿನಲ್ಲಿ ಎಲ್ಲವನ್ನೂ ನೋಡಿ, ಗೋಡೆಯ ಕಡೆ ತಿರುಗಿ ಮಲಗಿದಳು.

ಸ್ವಲ್ಪ ಹೊತ್ತಾದ ಮೇಲೆ ದೊಡ್ಡಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದಳು. "ಓದಿ ಆಯ್ತಾ?"

"ಇಲ್ಲ" ಎಂದರು ದೊಡ್ಡಪ್ಪ. "ಎರರ್ ಬಂತು. ಮತ್ತೊಮ್ಮೆ ಹಾಕಿದ್ದೇನೆ."